ಮಗಳು ‘ಡೆವಲಪ್‌ಮೆಂಟ್’ ಓದ್ತೀನಿ ಅಂದಾಗ...

ಡಿಗ್ರಿಯ ಕೊನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಲ್ಲರ ಮನೆಯಲ್ಲೂ ಒಂದೇ ಚರ್ಚೆ. ಮುಂದೇನು? ಬಿ.ಇಡಿ. ಮಾಡಿಸೋದಾ, ಎಂ.ಕಾಂ. ಸೇರಿಸೋದಾ, ಬ್ಯಾಂಕ್ ಪರೀಕ್ಷೆಗೆ ಕೂರಿಸೋದಾ, ಇಲ್ಲಾ ಜಾತಕ ಹೊರಗೆ ತೆಗೆಯೋದಾ? ಈ ನಾಲ್ಕು ದಾರಿ ನಮಗೆ ಚೆನ್ನಾಗಿ ಗೊತ್ತು. ಆದರೆ ಮಗಳು ಒಂದು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, ‘ಅಮ್ಮಾ, ನಾನು ಡೆವಲಪ್‌ಮೆಂಟ್ ಸ್ಟಡೀಸ್ ಓದ್ಬೇಕು, ಆಮೇಲೆ ವಿಶ್ವಸಂಸ್ಥೆ ಥರದ ಕಡೆ ಕೆಲಸ ಮಾಡ್ಬೇಕು’ ಅಂದರೆ? ಒಗ್ಗರಣೆ ಸೀದು ಹೋಗುತ್ತೆ, ಅಷ್ಟೆ! ಇದ್ಯಾವ ಓದು, ಇದಕ್ಕೆ ಸಂಬಳ ಯಾರು ಕೊಡ್ತಾರೆ, ಪಕ್ಕದ ಮನೆಯವರು ಕೇಳಿದರೆ ಏನಂತ ಹೇಳೋದು?

ಮೊದಲು ಈ ‘ಡೆವಲಪ್‌ಮೆಂಟ್’ ಅನ್ನೋದು ಏನು ಅಂತ ನೋಡೋಣ. ಹೆಸರು ದೊಡ್ಡದು, ವಿಷಯ ನಮ್ಮ ಬೀದಿಯದೇ. ಬೆಳಗ್ಗೆ ಡೈರಿಗೆ ಹಾಲು ಹಾಕ್ತೀವಲ್ಲ, ಆ ಸಹಕಾರ ಸಂಘದ ವ್ಯವಸ್ಥೆ ತಾನಾಗಿ ಬಂದದ್ದಲ್ಲ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕದಲ್ಲಿ ಶುರುವಾದ ಹೈನು ಅಭಿವೃದ್ಧಿ ಯೋಜನೆ, ಗುಜರಾತಿನ ಆನಂದ್ ಮಾದರಿಯನ್ನು ನಮ್ಮ ಹಳ್ಳಿಗಳಿಗೆ ತಂದಿತು. ಇವತ್ತು ಗೆಜ್ಜಲಗೆರೆಯ ಮನ್‌ಮುಲ್ ಡೈರಿಗೆ ಹೋಗೋ ಹಾಲಿನ ಹಿಂದೆ ಆ ಕಥೆ ಇದೆ. ನೀವು ವಾರವಾರ ಕಟ್ಟೋ ಸ್ವಸಹಾಯ ಸಂಘದ ಉಳಿತಾಯವೂ ಹಾಗೇ. ಮೈರಾಡ ಸಂಸ್ಥೆ 1980ರ ದಶಕದ ಮಧ್ಯದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಣ್ಣ ಗುಂಪುಗಳನ್ನು ಕಟ್ಟಿದಾಗ, ಅದು ಮುಂದೆ ದೇಶವಿಡೀ ಹರಡುತ್ತೆ ಅಂತ ಎಷ್ಟು ಜನ ಅಂದುಕೊಂಡಿದ್ದರೋ! ದುಡ್ಡು ಎಲ್ಲಿಂದ ಬಂತು, ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ, ಯಾಕೆ? ಇದನ್ನು ಕ್ರಮವಾಗಿ ಕಲಿಯೋದೇ ಡೆವಲಪ್‌ಮೆಂಟ್ ಓದು. ಇದನ್ನು ಬೇರೆ ಬೇರೆ ದೇಶಗಳ ಮಟ್ಟದಲ್ಲಿ ಮಾಡೋದು ‘ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್’.

ಹಾಗಾಗಿ ಮಗಳು ಹುಚ್ಚು ಮಾತಾಡ್ತಿಲ್ಲ. ಅವಳನ್ನು ತಡೀಬೇಡಿ. ಆದರೆ ಎಲ್ಲಿ ಓದ್ತಾಳೆ, ಯಾವಾಗ ಓದ್ತಾಳೆ, ಯಾರ ದುಡ್ಡಲ್ಲಿ ಓದ್ತಾಳೆ ಅನ್ನೋದನ್ನ ಮಾತ್ರ ಕೂತು ಲೆಕ್ಕ ಹಾಕಿ. ಇವತ್ತು ಬರೀತಿರೋದು ಅದಕ್ಕೇ.

ಮದ್ದೂರಿನ ಗೃಹಿಣಿಯೊಬ್ಬರು ಈಚೆಗೆ ಹೇಳಿಕೊಂಡ ಸಂಗತಿ ಕೇಳಿ. ಮಗಳು ಬಿ.ಎ. ಫಸ್ಟ್ ಕ್ಲಾಸ್. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಿಂದ ಒಂದು ವರ್ಷದ ಎಂ.ಎ.ಗೆ ಆಫರ್ ಲೆಟರ್ ಬಂದಿದೆ. ಅರ್ಜಿ ಹಾಕಿಸಿಕೊಟ್ಟ ಕನ್ಸಲ್ಟೆನ್ಸಿಯವರು ‘ಹದಿನೈದು ದಿನದಲ್ಲಿ ಡೆಪಾಸಿಟ್ ಕಟ್ಟಿ, ಇಲ್ಲಾಂದ್ರೆ ಸೀಟು ಹೋಗುತ್ತೆ’ ಅಂತ ದಿನಾ ಫೋನ್ ಮಾಡ್ತಿದ್ದಾರೆ. ಫೀಸು, ರೂಮು, ಊಟ, ವೀಸಾ, ವಿಮಾನ ಎಲ್ಲ ಸೇರಿ ಮೂವತ್ತು ಲಕ್ಷ ದಾಟುತ್ತೆ. ಯಜಮಾನರು, ‘ಹೋಗ್ಲಿ ಬುಡು, ಇರೋದೊಬ್ಳು ಮಗಳು, ನಾಲೆ ಕೆಳಗಿನ ಗದ್ದೆ ಮಾರುದ್ರಾಯ್ತು’ ಅಂದುಬಿಟ್ಟಿದ್ದಾರೆ. ಅತ್ತೆಯವರದು ಇನ್ನೊಂದು ರಾಗ: ‘ಎಣ್ಮಗೀನ ಅಷ್ಟು ದೂರ ಕಳ್ಸಿ, ಆಮೇಕೆ ಯಾರವ್ವ ಮದ್ವೆ ಆಯ್ತಾರೆ?’ ಇವರಿಬ್ಬರ ನಡುವೆ ತಾಯಿಗೆ ನಿದ್ದೆ ಇಲ್ಲ.

ನನ್ನನ್ನು ಕೇಳಿದರೆ, ಇಬ್ಬರ ಮಾತೂ ಬೇಡ. ಗದ್ದೆ ಮಾರೋದೂ ಬೇಡ, ಮಗಳನ್ನು ನಿಲ್ಲಿಸೋದೂ ಬೇಡ. ಯಾಕೆ ಅಂತ ಹೇಳ್ತೀನಿ.

ಮನೆ ಲೆಕ್ಕ ಬರೆಯೋ ಪುಸ್ತಕ ತಗೊಳ್ಳಿ. ಮೂವತ್ತು ಲಕ್ಷ ಸಾಲ, ಶೇಕಡ 10 ಬಡ್ಡಿ, ಹತ್ತು ವರ್ಷಕ್ಕೆ ತೀರಿಸಬೇಕು ಅಂದರೆ ತಿಂಗಳ ಕಂತು ಹತ್ತಿರ ಹತ್ತಿರ 39,600 ರೂಪಾಯಿ. ಕೋರ್ಸ್ ಮುಗಿದ ಮೇಲೂ ಸ್ವಲ್ಪ ಕಾಲ ಕಂತು ಕಟ್ಟಬೇಕಿಲ್ಲ ಅಂತ ಬ್ಯಾಂಕಿನವರು ಸಮಾಧಾನ ಹೇಳ್ತಾರೆ. ಬಡ್ಡಿ ಮಾತ್ರ ಓಡ್ತಾನೇ ಇರುತ್ತೆ! ಈ ಕ್ಷೇತ್ರದಲ್ಲಿ ಅನುಭವ ಇಲ್ಲದ 23ರ ಹುಡುಗಿಗೆ ಇಲ್ಲಿ ಸಿಗೋ ಮೊದಲ ಸಂಬಳ ಬಹಳ ಸಲ ಆ ಕಂತಿಗಿಂತ ಕಡಿಮೆ. ಸಾಫ್ಟ್‌ವೇರ್ ಓದಿದವರ ಲೆಕ್ಕ ಇಲ್ಲಿಗೆ ತರಬೇಡಿ. ‘ಅಲ್ಲೇ ಕೆಲಸ ಸಿಗುತ್ತಲ್ಲ’ ಅನ್ನೋರು ಇದ್ದಾರೆ. ಬ್ರಿಟನ್ನಿನಲ್ಲಿ ಓದು ಮುಗಿಸಿದವರು ಕೆಲಸ ಹುಡುಕಿಕೊಂಡು ಉಳಿಯಲು ಕೊಡುವ ವೀಸಾ ಎರಡು ವರ್ಷದ್ದಿತ್ತು. 2027ರ ಜನವರಿಯಿಂದ ಅರ್ಜಿ ಹಾಕೋರಿಗೆ ಅದು 18 ತಿಂಗಳು ಅಂತ ಅಲ್ಲಿನ ಸರ್ಕಾರ ಹೇಳಿದೆ.

ಇನ್ನು ಕನ್ಸಲ್ಟೆನ್ಸಿಯವರ ಅವಸರ. ‘ನಮಗೇನೂ ಫೀಸು ಬೇಡ ಮೇಡಂ’ ಅಂತ ನಗುತ್ತಾ ಹೇಳ್ತಾರಲ್ಲ, ಯಾಕೆ ಅಂತ ಕೇಳಿದ್ದೀರಾ? ಹುಡುಗಿ ಸೇರಿದರೆ ಅವರಿಗೆ ವಿಶ್ವವಿದ್ಯಾಲಯದಿಂದಲೇ ಕಮಿಷನ್ ಬರುತ್ತೆ. ತಪ್ಪೇನಲ್ಲ, ಅದು ಅವರ ವ್ಯಾಪಾರ. ಆದರೆ ಕಮಿಷನ್ ಕೊಡದ ಒಳ್ಳೇ ಕಾಲೇಜಿನ ಹೆಸರು ಅವರ ಬಾಯಿಂದ ಬರೋದು ಕಷ್ಟ. ಆಫರ್ ಲೆಟರ್ ಬಂದಿದ್ದರೆ, ಮಗಳೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ಬರೆದು ಪ್ರವೇಶವನ್ನು ಒಂದು ವರ್ಷ ಮುಂದೂಡಬಹುದೇ ಅಂತ ಕೇಳಲಿ. ಹಲವು ಕಡೆ ಒಪ್ತಾರೆ.

ಮಂಡ್ಯವೇ ಪಾಠವಾದ ಕಥೆ

ಡೆವಲಪ್‌ಮೆಂಟ್ ಕಲಿಯೋಕೆ ಇಂಗ್ಲೆಂಡಿಗೇ ಹೋಗಬೇಕು ಅನ್ನೋರಿಗೆ ಒಂದು ವಿಷಯ ಹೇಳಲೇಬೇಕು. ಅಲ್ಲಿನವರು ಇದನ್ನು ಕಲಿಯೋಕೆ ನಮ್ಮ ಮಂಡ್ಯಕ್ಕೆ ಬಂದಿದ್ದರು!

ಸ್ಕಾರ್ಲೆಟ್ ಎಪ್‌ಸ್ಟೀನ್ ಅಂತ ಒಬ್ಬ ಹೆಣ್ಣುಮಗಳು. 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938ರಲ್ಲಿ ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿ, ಫ್ಯಾಕ್ಟರಿಯಲ್ಲಿ ದುಡಿದು, ಆಮೇಲೆ ಓದಿದವರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಕೆಲಸಕ್ಕೆ ಅಂತ 1954ರಲ್ಲಿ ಮಂಡ್ಯ ಸೀಮೆಗೆ ಬಂದರು. ಎರಡು ವರ್ಷ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಹಳ್ಳಿಗಳಿಗೆ ‘ವಂಗಲ’, ‘ದಲೇನ’ ಅಂತ ಬೇರೆ ಹೆಸರಿಟ್ಟರು.

ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು. ಕಬ್ಬು, ಭತ್ತ, ಕೈತುಂಬ ದುಡ್ಡು. ದಲೇನ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಯಾವ ಊರು ಹೆಚ್ಚು ಬದಲಾಗಿರಬೇಕು ಹೇಳಿ? ದುಡ್ಡು ಬಂದ ವಂಗಲ ಅಂತೀರಿ, ಅಲ್ವೇ? ಅವರು ಕಂಡದ್ದು ಉಲ್ಟಾ. ನೀರು ಬಂದ ಊರಲ್ಲಿ ಎಲ್ಲರೂ ಅದೇ ಬೇಸಾಯವನ್ನೇ ಜೋರಾಗಿ ಮಾಡಿದರು. ದುಡ್ಡು ಬಂದರೂ ಹಳೇ ಕಟ್ಟುಪಾಡು, ಯಜಮಾನಿಕೆ, ಆಳು-ಒಡೆಯ ಸಂಬಂಧ ಹಾಗೇ ಉಳಿಯಿತು. ನೀರಿಲ್ಲದ ದಲೇನದವರು ಹೊಟ್ಟೆಪಾಡಿಗೆ ಹೊರಗೆ ಹೋಗಲೇಬೇಕಾಯಿತು. ಬೇರೆ ಊರಲ್ಲಿ ಜಮೀನು ತಗೊಂಡರು, ಮಂಡ್ಯದಲ್ಲಿ ಕೆಲಸಕ್ಕೆ ಸೇರಿದರು, ವ್ಯಾಪಾರಕ್ಕಿಳಿದರು. ಊರಿನ ಒಳಗಿನ ಸಂಬಂಧಗಳೂ ಬದಲಾದವು. ನೀರು ಕೊಟ್ಟರೆ ಬೆಳೆ ಬರುತ್ತೆ, ಆದರೆ ಸಮಾಜ ತಾನಾಗಿ ಬದಲಾಗೋದಿಲ್ಲ. ಮಂಡ್ಯದ ಎರಡು ಊರಿನಿಂದ ತೆಗೆದ ಈ ಮಾತು 1962ರಲ್ಲಿ ಪುಸ್ತಕವಾಯಿತು. ಅವರು 1970ರಲ್ಲಿ ಮತ್ತೆ ಬಂದು ನೋಡಿ, 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಅವರ ಜೊತೆ ಸೇರಿ ಬರೆದ ‘ವಿಲೇಜ್ ವಾಯ್ಸಸ್’ 1998ರಲ್ಲಿ ಬಂತು. ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಪ್ರಾಧ್ಯಾಪಕಿಯಾಗಿದ್ದರು. ಏಷ್ಯಾದ ಹಳ್ಳಿ ಹೆಂಗಸರ ದುಡಿಮೆ ಬಗ್ಗೆ ‘ದಿ ಎಂಡ್‌ಲೆಸ್ ಡೇ’ ಅನ್ನೋ ಪುಸ್ತಕವನ್ನೂ ಸಂಪಾದಿಸಿದರು. ಮುಗಿಯದ ದಿನ! ನಮಗೆ ಅರ್ಥ ಹೇಳಿಕೊಡಬೇಕಾಗಿಲ್ಲ ಬಿಡಿ.

ಡೆವಲಪ್‌ಮೆಂಟ್ ಓದಿಗೆ ಇಂಗ್ಲೆಂಡಿನ ಸಸೆಕ್ಸ್ ಇವತ್ತಿಗೂ ಬಹಳ ದೊಡ್ಡ ಹೆಸರು. ಅಲ್ಲಿಗೆ ಹೋಗೋ ಆಸೆ ಇರೋ ನಮ್ಮ ಮದ್ದೂರು, ಮಳವಳ್ಳಿ ಹುಡುಗಿ ಮೊದಲು ವಂಗಲ-ದಲೇನದ ಪುಸ್ತಕ ಓದಲಿ. ಮೈಸೂರಿನ ಯಾವುದಾದರೂ ದೊಡ್ಡ ಗ್ರಂಥಾಲಯದಲ್ಲಿ ವಿಚಾರಿಸಲಿ. ಓದುವಾಗ ಬೋರ್ ಹೊಡೆದರೆ ಈ ಕೋರ್ಸು ಅವಳಿಗಲ್ಲ ಅಂತ ಪುಕ್ಕಟೆಯಾಗಿ ಗೊತ್ತಾಗುತ್ತೆ.

ಕೆಲಸದ ಪೇಟೆ ಈಗ ಹೇಗಿದೆ?

ಈ ವಿಷಯ ಕನ್ಸಲ್ಟೆನ್ಸಿಯವರ ಬಣ್ಣದ ಪುಸ್ತಿಕೆಯಲ್ಲಿ ಇರೋಲ್ಲ. ಬಡ ದೇಶಗಳಿಗೆ ನೆರವು ಕೊಡುವುದರಲ್ಲಿ ಅಮೆರಿಕದ ‘ಯುಎಸ್‌ಎಯ್ಡ್’ ಅತಿ ದೊಡ್ಡ ಹೆಸರಾಗಿತ್ತು. 2025ರ ಜುಲೈ ಹೊತ್ತಿಗೆ ಅದರ ಬಾಗಿಲು ಮುಚ್ಚಿತು. ಅದರ ದುಡ್ಡನ್ನೇ ನಂಬಿದ್ದ ಸಂಸ್ಥೆಗಳು ದೇಶ ದೇಶಗಳಲ್ಲಿ ಜನರನ್ನು ಮನೆಗೆ ಕಳಿಸಿದವು. ಬ್ರಿಟನ್ ಕೂಡ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.5ರಿಂದ 2027ರ ಹೊತ್ತಿಗೆ ಶೇ. 0.3ಕ್ಕೆ ಇಳಿಸೋದಾಗಿ ಹೇಳಿದೆ. ಅಂದರೆ, ವಿದೇಶದಲ್ಲಿ ಈ ಕೆಲಸಕ್ಕೆ ನಿಂತ ಸಾಲಿನಲ್ಲಿ ಈಗ ಹತ್ತಿಪ್ಪತ್ತು ವರ್ಷ ಅನುಭವ ಇರೋರೂ ಇದ್ದಾರೆ. ಅವರ ಹಿಂದೆ ನಿಲ್ಲಬೇಕು, ನಮ್ಮ ಮಗಳು.

ನಮ್ಮಲ್ಲೂ ಬದಲಾವಣೆ ಆಗಿದೆ. ವಿದೇಶಿ ದೇಣಿಗೆಯ ಕಾನೂನನ್ನು 2020ರಲ್ಲಿ ಬಿಗಿ ಮಾಡಿದರು. ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಸ್ಥೆಗೆ ದಾಟಿಸುವ ಹಾಗಿಲ್ಲ, ಆಡಳಿತ ಖರ್ಚು ಶೇ. 20 ಮೀರೋ ಹಾಗಿಲ್ಲ. ಇದರಿಂದ ಎಷ್ಟೋ ಸಣ್ಣ ಎನ್‌ಜಿಒಗಳಿಗೆ ಕಷ್ಟವಾಯಿತು. ಇನ್ನೊಂದು ಕಡೆ ಹೊಸ ಬಾಗಿಲೂ ತೆರೆದಿದೆ. 2014ರಿಂದ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅದನ್ನು ನೋಡಿಕೊಳ್ಳೋಕೆ ಓದಿದವರು ಬೇಕು. ಸರ್ಕಾರದ ಜೀವನೋಪಾಯ ಯೋಜನೆಗಳು, ಶಿಕ್ಷಣ-ಆರೋಗ್ಯದಲ್ಲಿ ಕೆಲಸ ಮಾಡೋ ಟ್ರಸ್ಟುಗಳು, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳು, ಇವೆಲ್ಲ ಕೆಲಸ ಕೊಡೋ ಜಾಗಗಳೇ. ಸದ್ಯಕ್ಕೆ ಅನ್ನ ಇರೋದು ದೇಶದೊಳಗೆ. ಮಗಳ ಮೊದಲ ಮಾಸ್ಟರ್ಸ್ ಕೂಡ ದೇಶದೊಳಗೇ ಆಗೋದು ಜಾಣತನ ಅಂತ ನಾನು ಹೇಳೋದು ಇದಕ್ಕೇ.

ಹಾಗಾದರೆ ಎಲ್ಲಿ?

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರಲ್ಲಿ ಶುರುವಾದದ್ದು. ಎರಡು ವರ್ಷದ ಎಂ.ಎ. ಡೆವಲಪ್‌ಮೆಂಟ್ ಇದೆ. ಪ್ರವೇಶ ಪರೀಕ್ಷೆ, ಸಂದರ್ಶನ ಎರಡೂ ಇರುತ್ತೆ. ನಮ್ಮಂಥ ಮನೆಗಳಿಗೆ ಮುಖ್ಯವಾದ ಸಂಗತಿ ಅಂದ್ರೆ, ಮನೆಯ ಆದಾಯ ನೋಡಿ ಫೀಸಿನಲ್ಲಿ ರಿಯಾಯಿತಿ ಕೊಡ್ತಾರೆ, ಪೂರ್ತಿ ಮಾಫಿ ಆಗೋದೂ ಉಂಟು. ‘ಅಯ್ಯೋ, ಖಾಸಗಿ ವಿಶ್ವವಿದ್ಯಾಲಯ, ನಮ್ಮ ಕೈಗೆಟುಕಲ್ಲ’ ಅಂತ ವಿಚಾರಿಸದೇ ಬಿಡಬೇಡಿ. ಮಂಡ್ಯದಿಂದ ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ನೋಡಿಕೊಂಡು ವಾಪಸ್ ಬರಬಹುದು.

ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಎಲ್ಲರೂ ‘ಟಿಸ್’ ಅನ್ನೋದು, 1936ರಿಂದ ಇದೆ. ಈ ಕ್ಷೇತ್ರದಲ್ಲಿ ಅದರ ಹಳೇ ವಿದ್ಯಾರ್ಥಿಗಳು ಇಲ್ಲದ ಕಚೇರಿಯೇ ಕಡಿಮೆ. 2024ರಿಂದ ಅಲ್ಲಿನ ಪ್ರವೇಶಕ್ಕೆ ಸಿಯುಇಟಿ-ಪಿಜಿ ಪರೀಕ್ಷೆ ಬರೀಬೇಕು. ಮುಂಬೈ ದೂರ ಆಯ್ತು ಅಂದ್ರೆ ಹೈದರಾಬಾದಿನಲ್ಲೂ ಅದರ ಕ್ಯಾಂಪಸ್ ಇದೆ.

ಹಾಲಿನ ಸಹಕಾರದ ಮಾತು ಬಂತಲ್ಲ, ಆನಂದ್‌ನಲ್ಲಿ ವರ್ಗೀಸ್ ಕುರಿಯನ್ 1979ರಲ್ಲಿ ಕಟ್ಟಿದ ‘ಇರ್ಮಾ’ ಈಗ, 2025ರಲ್ಲಿ ಬಂದ ಕಾಯ್ದೆಯ ಪ್ರಕಾರ, ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯದ ಭಾಗ. ಅದು ಮ್ಯಾನೇಜ್‌ಮೆಂಟ್ ಓದು, ಫೀಸು ಜಾಸ್ತಿ. ಲೆಕ್ಕ-ವ್ಯವಹಾರದಲ್ಲಿ ಚುರುಕಿರೋ ಹುಡುಗಿಗೆ ಸರಿ.

ನಮ್ಮ ರಾಜ್ಯದೊಳಗೇ ಕಡಿಮೆ ಖರ್ಚಿನಲ್ಲಿ ಅಂದರೆ, ಮಂಗಳೂರಿನ ರೋಶನಿ ನಿಲಯ ಇದೆ. 1960ರಿಂದ ಸಮಾಜಕಾರ್ಯ ಕಲಿಸ್ತಿರೋ ಸಂಸ್ಥೆ, ಕಟ್ಟಿ ಬೆಳೆಸಿದವರು ಹೆಣ್ಣುಮಕ್ಕಳೇ. ಗದಗದಲ್ಲಿ 2016ರಲ್ಲಿ ಶುರುವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಈ ವಿಷಯಕ್ಕೇ ಅಂತ ಮೀಸಲು. ಮಾನಸಗಂಗೋತ್ರಿಯಲ್ಲಿ ಎಂ.ಎಸ್.ಡಬ್ಲ್ಯೂ. ಇದ್ದೇ ಇದೆ. ಮನೆಯಿಂದಲೇ ಓಡಾಡಿಕೊಂಡು ಓದಲಿ ಅನ್ನೋ ತಾಯಂದಿರಿಗೆ ಮಂಡ್ಯ ಹತ್ತಿರ. 2019ರಲ್ಲಿ ಮಂಡ್ಯ ವಿಶ್ವವಿದ್ಯಾಲಯ ಬಂತು. ಆದರೆ 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ತೆಗೆದಾಗ ಅದರಲ್ಲಿ ಮಂಡ್ಯದ ಹೆಸರೂ ಇತ್ತು. ಹಾಗಾಗಿ ಸೇರೋ ಮೊದಲು, ಅಂಕಪಟ್ಟಿ ಯಾವ ವಿಶ್ವವಿದ್ಯಾಲಯದ ಹೆಸರಲ್ಲಿ ಬರುತ್ತೆ ಅಂತ ಆಫೀಸಿನಲ್ಲೇ ಕೇಳಿ.

ಇಷ್ಟು ಹೆಸರು ಹೇಳಿದ್ದಕ್ಕೆ ‘ಇದರಲ್ಲಿ ನಂಬರ್ ಒನ್ ಯಾವುದು’ ಅಂತ ಕೇಳಬೇಡಿ. ರ‍್ಯಾಂಕಿಂಗ್ ಪಟ್ಟಿ ನೋಡಿ ಸೀರೆ ಕೂಡ ತಗೊಳ್ಳೋದಿಲ್ಲ ನಾವು. ಸೆರಗು ತಿರುಗಿಸಿ, ನೇಯ್ಗೆ ನೋಡಿ, ಬಣ್ಣ ಹೋಗುತ್ತಾ ಅಂತ ಹತ್ತು ಸಲ ಕೇಳಿ ತಗೊಳ್ತೀವಿ. ಕಾಲೇಜಿಗೂ ಅಷ್ಟೇ ಕೇಳಿ. ವಾರದಲ್ಲಿ ಎಷ್ಟು ದಿನ ಫೀಲ್ಡಿಗೆ ಕಳಿಸ್ತೀರಿ? ಫೀಲ್ಡ್ ಅಂದ್ರೆ ಎಲ್ಲಿ, ಜೊತೆಗೆ ಮೇಷ್ಟ್ರು ಬರ್ತಾರಾ, ಇಲ್ಲಾ ಸಂಸ್ಥೆಯ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಬಂದರೆ ಮುಗೀತಾ? ಕಳೆದ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಕೊನೇ ಪ್ರಶ್ನೆಗೆ ಉತ್ತರ ‘ಎಲ್ರಿಗೂ ಒಳ್ಳೇ ಕಡೆ ಆಗಿದೆ ಮೇಡಂ’ ಅಂತ ಬಂದರೆ ಅದು ಉತ್ತರವಲ್ಲ. ಇಬ್ಬರು ಹಳೇ ವಿದ್ಯಾರ್ಥಿನಿಯರ ಹತ್ತಿರ ಮಾತಾಡಿಸಿ ಅಂತ ಕೇಳಿ. ಒಳ್ಳೇ ಕಾಲೇಜು ಖುಷಿಯಿಂದ ಮಾತಾಡಿಸುತ್ತೆ.

ಫೀಲ್ಡ್ ವರ್ಕ್ ಬಗ್ಗೆ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಈ ಕ್ಷೇತ್ರದಲ್ಲಿ ಕೆಲಸ ಕೊಡೋರು ಮೊದಲು ಕೇಳೋದು ಅಂಕ ಅಲ್ಲ, ‘ಎಲ್ಲಿ ಕೆಲಸ ಮಾಡಿದ್ದೀಯಮ್ಮ?’ ಅಂತ. ಒಂದು ಹಳ್ಳಿಯಲ್ಲಿ ಆರು ತಿಂಗಳು ಓಡಾಡಿ, ಅಂಗನವಾಡಿ ಕಾರ್ಯಕರ್ತೆಯ ಜೊತೆ ಕೂತು, ಪಂಚಾಯಿತಿ ಕಾಗದ ಓದಿ ಬಂದ ಹುಡುಗಿಯ ಮಾತೇ ಬೇರೆ.

ಎರಡು ವರ್ಷದ ಗುಟ್ಟು

ಈಗ ವಿದೇಶದ ಮಾತಿಗೆ ಬರೋಣ. ಹೋಗಲೇಬಾರದು ಅಂತ ನಾನೆಲ್ಲಿ ಹೇಳಿದೆ? ಹೋಗಲಿ, ಆದರೆ ಬೇರೆಯವರ ದುಡ್ಡಲ್ಲಿ ಹೋಗಲಿ!

ಬ್ರಿಟನ್ ಸರ್ಕಾರದ ‘ಚೀವ್ನಿಂಗ್’ ವಿದ್ಯಾರ್ಥಿವೇತನ ಫೀಸು, ಊಟ-ವಸತಿ, ವಿಮಾನ ಎಲ್ಲ ಕೊಡುತ್ತೆ. ಅದಕ್ಕೆ ಡಿಗ್ರಿ ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು, 2,800 ಗಂಟೆ ಅಂತ ಲೆಕ್ಕ. ಜರ್ಮನಿಯ ‘ಡಾಡ್’ ಸಂಸ್ಥೆ ಡೆವಲಪ್‌ಮೆಂಟ್ ಕೋರ್ಸುಗಳಿಗೇ ಅಂತ ಕೊಡುವ ವಿದ್ಯಾರ್ಥಿವೇತನಕ್ಕೂ ಎರಡು ವರ್ಷದ ಅನುಭವ ಕೇಳ್ತಾರೆ. ಗಮನಿಸಿದ್ರಾ? ಡಿಗ್ರಿ ಮುಗಿದ ಮರುದಿನವೇ ಹೋದವಳು ಸ್ವಂತ ದುಡ್ಡು ಕಟ್ಟಬೇಕು. ಎರಡು ವರ್ಷ ದುಡಿದು ಹೋದವಳಿಗೆ ಅವರೇ ದುಡ್ಡು ಕೊಡೋ ಅವಕಾಶ ಇದೆ. ಗದ್ದೆಯ ಬೆಲೆ ಅಡಗಿರೋದು ಈ ಎರಡು ವರ್ಷದಲ್ಲಿ.

ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ, ವಿದೇಶದ ಓದಿಗೇ ಮೀಸಲಾದದ್ದು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಲ್ಲೂ ವಿಚಾರಿಸಿ. ಏಜೆಂಟರನ್ನು ಕೇಳೋ ಮೊದಲು ಮಂಡ್ಯದ ಜಿಲ್ಲಾ ಕಚೇರಿಗೆ ಒಂದು ಸಲ ಹೋಗಿ ಬನ್ನಿ, ಖರ್ಚು ಬಸ್ ಚಾರ್ಜು ಕೂಡ ಇಲ್ಲ, ಹೆಂಗಸರಿಗೆ ಫ್ರೀ ಅಲ್ವೇ! ದೇಶದೊಳಗಿನ ಓದಿಗಾದರೆ ಸಾಲ ಹೆದರುವಷ್ಟು ಬೇಕಾಗಲ್ಲ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿ ಅಡಮಾನ ಕೇಳುವಂತಿಲ್ಲ. ಕೇಳಿದರೆ ಮ್ಯಾನೇಜರ್‌ಗೆ ಧೈರ್ಯವಾಗಿ ಹೇಳಿ.

ಮೊದಲು ಕೆಲಸ, ಆಮೇಲೆ ದೊಡ್ಡ ಓದು ಅನ್ನೋದಕ್ಕೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಉದಾಹರಣೆ ಇದೆ. ಡಾ. ಆರ್. ಬಾಲಸುಬ್ರಹ್ಮಣ್ಯಂ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದ್ತಿದ್ದಾಗ, 1984ರಲ್ಲಿ, ಗೆಳೆಯರ ಜೊತೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಹೆಗ್ಗಡದೇವನಕೋಟೆ ಕಾಡಂಚಿನ ಆದಿವಾಸಿಗಳ ನಡುವೆ ಆಸ್ಪತ್ರೆ, ಶಾಲೆ ಅಂತ ವರ್ಷಾನುಗಟ್ಟಲೆ ದುಡಿದ ಮೇಲೆ ಅಮೆರಿಕದ ಹಾರ್ವರ್ಡಿಗೆ ಹೋಗಿ ಸಾರ್ವಜನಿಕ ಆಡಳಿತ ಓದಿದರು. ಆ ಹೊತ್ತಿಗೆ ಅವರು ಇಪ್ಪತ್ತೈದು ವರ್ಷ ಹಳ್ಳಿ ನೋಡಿದ್ದರು. ನಿಮ್ಮ ಮಗಳು ಇಪ್ಪತ್ತೈದು ವರ್ಷ ಕಾಯಬೇಕಿಲ್ಲ, ಎರಡು ಸಾಕು.

ಆ ಎರಡು ವರ್ಷ ಎಲ್ಲಿ ಕೆಲಸ ಮಾಡೋದು? ‘ಎಸ್‌ಬಿಐ ಯೂತ್ ಫಾರ್ ಇಂಡಿಯಾ’ ಅಂತ 13 ತಿಂಗಳ ಫೆಲೋಶಿಪ್ ಇದೆ. ಡಿಗ್ರಿ ಆದವರನ್ನು ಹಳ್ಳಿಯಲ್ಲಿ ಕೆಲಸ ಮಾಡೋ ಸಂಸ್ಥೆಗಳ ಜೊತೆ ಕಳಿಸ್ತಾರೆ, ತಿಂಗಳಿಗೆ ಇಷ್ಟು ಅಂತ ಖರ್ಚಿಗೆ ಕೊಡ್ತಾರೆ. ಇಂಥವು ಇನ್ನೂ ಇವೆ. ಯಾವುದಕ್ಕೇ ಸೇರಿದರೂ ಸಂಬಳದ ಚೀಟಿ, ಅನುಭವ ಪತ್ರ ಜೋಪಾನವಾಗಿ ಎತ್ತಿಡೋಕೆ ಹೇಳಿ. ಚೀವ್ನಿಂಗ್ ಅರ್ಜಿಯಲ್ಲಿ ಗಂಟೆ ಲೆಕ್ಕ ತೋರಿಸೋವಾಗ ಅದೇ ಆಧಾರ.

ಇನ್ನೊಂದು ಸಂಶಯ ಕೆಲವರಿಗೆ ಇರುತ್ತೆ. ಬ್ರಿಟನ್ನಿನ ಒಂದು ವರ್ಷದ ಎಂ.ಎ. ಇಲ್ಲಿ ನಡೆಯುತ್ತಾ ಅಂತ. ಮೊದಲು ಇದು ತಕರಾರಿನ ವಿಷಯವಾಗಿತ್ತು. 2022ರಲ್ಲಿ ಎರಡು ದೇಶಗಳ ನಡುವೆ ಪದವಿಗಳನ್ನು ಪರಸ್ಪರ ಒಪ್ಪುವ ಒಪ್ಪಂದ ಆಗಿದೆ. ಆದರೂ ಮುಂದೆ ಸರ್ಕಾರಿ ಕೆಲಸ, ಲೆಕ್ಚರರ್ ಕೆಲಸದ ಆಸೆ ಇದ್ದರೆ ತತ್ಸಮಾನ ಪ್ರಮಾಣಪತ್ರ ಮಾಡಿಸಿಕೊಳ್ಳೋದು ಒಳ್ಳೇದು.

ಇನ್ನು ಅತ್ತೆಯವರ ಪ್ರಶ್ನೆ. ‘ಆಮೇಕೆ ಯಾರವ್ವ ಮದ್ವೆ ಆಯ್ತಾರೆ?’ ನಗೋ ಮಾತಲ್ಲ ಇದು. ಹಳ್ಳಿ ಸುತ್ತೋ ಕೆಲಸ, ಊರಿಂದೂರಿಗೆ ವರ್ಗ, ರಾತ್ರಿ ತಡವಾಗಿ ಮನೆಗೆ ಬರೋದು, ಸಂಬಳ ಕಡಿಮೆ. ಗಂಡಿನ ಕಡೆಯವರು ಮೂಗು ಮುರೀತಾರೆ, ನಿಜ. ಅದಕ್ಕೆ ನನ್ನ ಹತ್ತಿರ ಸಿಹಿ ಉತ್ತರ ಇಲ್ಲ. ಆದರೆ ಎಪ್‌ಸ್ಟೀನ್ ಮಂಡ್ಯಕ್ಕೆ ಬಂದಾಗ ಅವರಿಗೆ ಮೂವತ್ತೆರಡು, ಮದುವೆ ಆಗಿದ್ದು ವಾಪಸ್ ಹೋದ ಮೇಲೆ. ಅದು ಬೇರೆ ದೇಶ, ಬೇರೆ ಕಾಲ ಅಂತೀರಿ. ಸರಿ. ಹಾಗಿದ್ದರೆ ಮಗಳ ಹತ್ತಿರ ಒಂದು ಗಡುವು ಮಾತಾಡಿ, ನಾಲ್ಕು ವರ್ಷ ಅಂತಲೋ ಐದು ವರ್ಷ ಅಂತಲೋ. ಆ ಗಡುವಿನೊಳಗೆ ನೆಂಟರ ಬಾಯಿ ಮುಚ್ಚಿಸೋ ಕೆಲಸ ನಿಮ್ಮದು. ಮಗಳಿಗೆ ತಾಯಿ ಕೊಡಬಹುದಾದ ಸಹಾಯದಲ್ಲಿ ಮೂವತ್ತು ಲಕ್ಷಕ್ಕಿಂತ ಇದು ದೊಡ್ಡದು. ಸುರಕ್ಷತೆ ಬಗ್ಗೆ ಚಿಂತೆ ಇದ್ದರೆ ಅದನ್ನೂ ಸಂಸ್ಥೆಯವರನ್ನು ನೇರವಾಗಿ ಕೇಳಿ. ಹೆಣ್ಣುಮಕ್ಕಳಿಗೆ ವಸತಿ ಎಲ್ಲಿ, ಓಡಾಟಕ್ಕೆ ವಾಹನ ಯಾರದು, ಕಿರುಕುಳದ ದೂರು ಕೇಳೋ ಸಮಿತಿ ಇದೆಯಾ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಕಡೆ ಆ ಸಮಿತಿ ಇರಲೇಬೇಕು, 2013ರ ಕಾನೂನು ಅದು.

ಅರ್ಜಿ ಹಾಕೋವಾಗ ಎಲ್ಲ ಕಡೆಯೂ ‘ಈ ಕೋರ್ಸು ಯಾಕೆ ಬೇಕು’ ಅಂತ ಒಂದೆರಡು ಪುಟ ಬರೆಸ್ತಾರೆ. ಇದನ್ನು ಕನ್ಸಲ್ಟೆನ್ಸಿಯವರಿಂದ ಬರೆಸಬೇಡಿ. ‘ಜಗತ್ತನ್ನು ಬದಲಾಯಿಸುವ ಕನಸು ನನಗೆ ಚಿಕ್ಕಂದಿನಿಂದ ಇತ್ತು’ ಅಂತ ಶುರುವಾಗೋ ಪುಟಗಳನ್ನು ಓದಿ ಓದಿ ಆ ಮೇಷ್ಟ್ರುಗಳಿಗೆ ಸಾಕಾಗಿರುತ್ತೆ. ಮಗಳು ತನ್ನ ಊರನ್ನೇ ಬರೀಲಿ. ಮಳವಳ್ಳಿ ಕಡೆ ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಯಾಕೆ ತಡವಾಗಿ ಬರುತ್ತೆ, ಮೇಲಿನವರು ಕಬ್ಬು ಹಾಕಿದರೆ ಕೆಳಗಿನವರ ಮನೆಯಲ್ಲಿ ಏನಾಗುತ್ತೆ, ಆ ವರ್ಷ ಯಾರ ಒಡವೆ ಬ್ಯಾಂಕಿಗೆ ಹೋಗುತ್ತೆ? ಮಳವಳ್ಳಿಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ಹುಟ್ಟಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಪಕ್ಕದ ಹಳ್ಳಿಗೆ ಬರೋಕೆ ಎಷ್ಟು ವರ್ಷ ಆಯ್ತು ಅಂತ ಅಜ್ಜಿಯನ್ನು ಕೇಳಿ ಬರೀಲಿ. 2023ರಲ್ಲಿ ಮಂಡ್ಯ ಹತ್ತಿರದ ಆಲೆಮನೆಯೊಂದರಲ್ಲಿ ಕದ್ದುಮುಚ್ಚಿ ಹೆಣ್ಣುಭ್ರೂಣದ ಸ್ಕ್ಯಾನಿಂಗ್ ನಡೀತಿದ್ದದ್ದು ಬಯಲಾಯಿತಲ್ಲ. ನೀರಾವರಿ ಬಂದು, ದುಡ್ಡು ಬಂದು, ಓದು ಬಂದು, ಆಮೇಲೂ ಇದು ಯಾಕೆ? ಎಪ್‌ಸ್ಟೀನ್ ವಂಗಲದಲ್ಲಿ ಎತ್ತಿದ್ದ ಪ್ರಶ್ನೆಯೇ ಇದು, ಎಪ್ಪತ್ತು ವರ್ಷದ ಮೇಲೂ ಹಾಗೇ ನಿಂತಿದೆ. ಮಂಡ್ಯದ ಹುಡುಗಿಯಾಗಿ ಇದನ್ನು ಅವಳಿಗಿಂತ ಚೆನ್ನಾಗಿ ಯಾರು ಬರೀಬಲ್ಲರು?

ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ ಅಂತ ಹಿಂಜರಿದರೆ, ಮೊದಲು ಕನ್ನಡದಲ್ಲೇ ಬರೀಲಿ. ನಿಮಗೆ ಓದಿ ಹೇಳಲಿ. ನಿಮಗೆ ಅರ್ಥವಾಗದ ಜಾಗದಲ್ಲಿ ‘ಇದೇನೇ?’ ಅಂತ ಕೇಳಿ, ತಿದ್ದಿಸಿ. ಆಮೇಲೆ ಇಂಗ್ಲಿಷಿಗೆ ತಂದುಕೊಳ್ಳಲಿ. ಅಜೀಂ ಪ್ರೇಮ್‌ಜಿಯವರು ಹಿಂದಿನ ವರ್ಷದ ಕೊನೆಗೇ ಅರ್ಜಿ ಕರೆಯೋಕೆ ಶುರು ಮಾಡ್ತಾರೆ, ಚೀವ್ನಿಂಗ್‌ಗೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಕೊನೇ ಸೆಮಿಸ್ಟರ್ ಮುಗೀಲಿ ಅಂತ ಕಾದರೆ ಆ ವರ್ಷದ ಬಸ್ಸು ಹೋಗಿರುತ್ತೆ. ಫೈನಲ್ ಇಯರ್ ಶುರುವಾದ ತಿಂಗಳೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ದಿನ ಬರೆಯೋ ಕಡೆಯೇ, ಈ ತಾರೀಖುಗಳನ್ನೂ ಗುರುತು ಹಾಕಿಡಿ.